ಮರುವಾಯಿ ಯಾವ ನೀರಿನದು? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಎರಡು ಚಿಪ್ಪಿನ ಜೀವಿಗಳಾದ ಮರುವಾಯಿ, ಪಚ್ಚಿಲೆಗಳನ್ನು ಮತ್ತು ಸೀಗಡಿಯನ್ನು ಕುರಿತೇ ಇದ್ದುದರಿಂದ ಬೇರೆ ವಿಷಯಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇವೆ. ಒಂದೇ ಧಾಟಿಯ ಪ್ರಶ್ನೆಗಳನ್ನು ಕೂಡಿಸಲಾಗಿದೆ. ಬರೆದವರ ಹೆಸರು ಬಿಟ್ಟು ಬಡಾವಣೆಯನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ನಾವು ಮೂಲತಃ ಮೂಲ್ಕಿ ಕಡೆಯವರು, ಬಹಳ ವರ್ಷಗಳಿಂದ ಬೆಂಗಳೂರಿನಲ್ಲಿದ್ದೇವೆ. ಪರಿಚಯದ ಮೀನಿನವರೊಬ್ಬರು ಶನಿವಾರ ರಾತ್ರಿ ಊರಿನಿಂದ ತರಿಸಿದ ಮರುವಾಯಿಯನ್ನು ಭಾನುವಾರ ಬೆಳಿಗ್ಗೆ ಮನೆಗೇ ಕೊಡುತ್ತಾರೆ. ‘ಅಮ್ಮಾ, ಇದನ್ನು ಸರಕಾರದವರು ಯಾರೂ ಪರೀಕ್ಷೆ ಮಾಡುವುದಿಲ್ಲ, ತರಬೇಡ’ ಎಂದು ಮಗ ಹಟ ಹಿಡಿದಿದ್ದಾನೆ. ಹಾಲಿಗೆ, ಎಣ್ಣೆಗೆ ಇರುವಂಥ ಕಾನೂನು ಮರುವಾಯಿಗೆ ಇಲ್ಲವೆ? (ಓದುಗಿ, ಜಯನಗರ)

ಉತ್ತರ: ಕಾನೂನು ಇದೆ, ನಿಮ್ಮ ಮಗನ ಮಾತಿನಲ್ಲಿಯೂ ಹುರುಳಿದೆ. ಇವೆರಡೂ ಒಟ್ಟಿಗೆ ನಿಜವಾಗುವುದು ಹೇಗೆಂಬುದನ್ನು ತುಸು ವಿವರವಾಗಿಯೇ ಹೇಳಬೇಕಾಗುತ್ತದೆ.

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ಮಾರಾಟಕ್ಕಿಟ್ಟ ಮರುವಾಯಿಯೂ ಆಹಾರವೇ. ಆ ಕಾಯ್ದೆಯಡಿ ರೂಪುಗೊಂಡ ನಿಯಮಾವಳಿಗಳು ಮೀನು ಮತ್ತು ಚಿಪ್ಪುಜೀವಿಗಳಲ್ಲಿ ಸೀಸ, ಕ್ಯಾಡ್ಮಿಯಂ, ಪಾದರಸಗಳು ಎಷ್ಟರವರೆಗೆ ಇರಬಹುದೆಂದು ಹೇಳುತ್ತವೆ; ಸಮುದ್ರದ ಸೂಕ್ಷ್ಮ ಪಾಚಿಗಳಿಂದ ಚಿಪ್ಪುಜೀವಿಗಳ ಮೈಗೆ ಸೇರುವ ವಿಷಗಳಿಗೂ ಮಿತಿ ಹಾಕುತ್ತವೆ. ನರಗಳನ್ನು ಮರಗಟ್ಟಿಸುವ ಸ್ಯಾಕ್ಸಿಟಾಕ್ಸಿನ್ ಎಂಬ ವಿಷ 100 ಗ್ರಾಂ ಮಾಂಸದಲ್ಲಿ 80 ಮೈಕ್ರೋಗ್ರಾಂ ದಾಟುವಂತಿಲ್ಲ. ಅಂತರರಾಷ್ಟ್ರೀಯ ಕೋಡೆಕ್ಸ್ ಗುಣಮಟ್ಟವೂ ಇದೇ ಮಿತಿಯನ್ನು ಕಿಲೋಗೆ 0.8 ಮಿಲಿಗ್ರಾಂ ಎಂದು ನಮೂದಿಸಿದೆ. ಹೀಗಾಗಿ ಕಾಗದದ ಮೇಲೆ ನಮ್ಮ ನಿಯಮ ಯಾರ ನಿಯಮಕ್ಕೂ ಕಡಿಮೆಯದಲ್ಲ.

ತೊಡಕು ಇರುವುದು ಆ ನಿಯಮ ಎಲ್ಲಿಂದ ಶುರುವಾಗುತ್ತದೆ ಎಂಬಲ್ಲಿ. ಕಾಯ್ದೆಯ 18ನೆಯ ಸೆಕ್ಷನ್ನಿನ ಮೂರನೆಯ ಉಪವಿಧಿ ರೈತರನ್ನೂ ಮೀನುಗಾರರನ್ನೂ ಅವರ ಕಸುಬಿನ ಮಟ್ಟಿಗೆ ಕಾಯ್ದೆಯ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಹಿಡಿದದ್ದು, ಹೆಕ್ಕಿದ್ದು, ಬೆಳೆದದ್ದು ಇನ್ನೊಬ್ಬರ ಕೈಗೆ ದಾಟಿದ ಮೇಲೆಯೇ ಅದು ಕಾಯ್ದೆ ಹೇಳುವ ‘ಪ್ರಾಥಮಿಕ ಆಹಾರ’ವಾಗುತ್ತದೆ. ಇದರ ಹಿಂದಿನ ಉದ್ದೇಶವನ್ನು ದೂರುವಂತಿಲ್ಲ. ಇಳಿತದ ಹೊತ್ತಿನಲ್ಲಿ ಸೊಂಟದವರೆಗಿನ ನೀರಲ್ಲಿ ನಿಂತು, ಕಾಲಿನಿಂದ ಮರಳು ತಡವಿ ಮರುವಾಯಿ ಹೆಕ್ಕುವ ಹೆಂಗಸಿನ ಹತ್ತಿರ ಪರವಾನಗಿ ಎಲ್ಲಿ ಎಂದು ಕೇಳುವ ಕಾನೂನು ಯಾರಿಗೂ ಬೇಡ. ಆದರೆ ಬಂಗುಡೆಗೂ ಬೂತಾಯಿಗೂ ಸರಿಹೊಂದುವ ಈ ಏರ್ಪಾಡು ಎರಡು ಚಿಪ್ಪಿನ ಜೀವಿಗಳಿಗೆ ಸರಿಹೊಂದುವುದಿಲ್ಲ. ಬಂಗುಡೆ ಕೆಡುವುದು ಬಹುಮಟ್ಟಿಗೆ ಹಿಡಿದ ಮೇಲೆ, ಐಸು ಸಾಲದೆ ಹೋದಾಗ. ಮರುವಾಯಿ, ಪಚ್ಚಿಲೆ, ಸಿಂಪಿಗಳು ಕೆಡುವುದು ಹೆಕ್ಕುವ ಮೊದಲೇ, ಅವು ನಿಂತ ನೀರಿನಲ್ಲಿ. ಅವು ಇದ್ದಲ್ಲೇ ಇದ್ದು ಗಂಟೆಗೆ ಲೀಟರುಗಟ್ಟಲೆ ನೀರನ್ನು ಕಿವಿರುಗಳ ಮೂಲಕ ಹಾಯಿಸಿ, ಅದರಲ್ಲಿ ತೇಲುವ ಸೂಕ್ಷ್ಮ ಕಣಗಳನ್ನು ಸೋಸಿ ತಿಂದು ಬದುಕುತ್ತವೆ. ನೀರಿನಲ್ಲಿ ಊರಿನ ಕೊಳಚೆ ಇದ್ದರೆ ಅದರ ಬ್ಯಾಕ್ಟೀರಿಯಾ ಮತ್ತು ವೈರಸ್ಸುಗಳು, ವಿಷಕಾರಿ ಪಾಚಿ ಹಬ್ಬಿದ್ದರೆ ಅದರ ವಿಷ, ಕಾರ್ಖಾನೆಯ ನೀರು ಸೇರಿದ್ದರೆ ಅದರ ಲೋಹ, ಎಲ್ಲವೂ ಆ ಪುಟ್ಟ ಮೈಯಲ್ಲಿ ನೀರಿನಲ್ಲಿದ್ದುದಕ್ಕಿಂತ ಎಷ್ಟೋ ಪಟ್ಟು ದಟ್ಟವಾಗಿ ಕೂಡಿಕೊಳ್ಳುತ್ತವೆ. ಆಹಾರ ಸುರಕ್ಷತಾಧಿಕಾರಿ ಮಡಿವಾಳದ ಅಂಗಡಿಗೆ ಬಂದು ತಕ್ಕಡಿಯ ಮುಂದೆ ನಿಲ್ಲುವ ಹೊತ್ತಿಗೆ ಒಳಿತು ಕೆಡುಕು ಹೊಳೆ ಕಡಲು ಸೇರುವ ಅಳಿವೆಯಲ್ಲೇ ತೀರ್ಮಾನವಾಗಿ ಹೋಗಿರುತ್ತದೆ.

ಈ ಪಾಠವನ್ನು ಬೇರೆ ದೇಶಗಳು ಬೆಲೆ ತೆತ್ತೇ ಕಲಿತವು. 1924–25ರ ಚಳಿಗಾಲದಲ್ಲಿ ಅಮೆರಿಕದ ನ್ಯೂಯಾರ್ಕ್, ಷಿಕಾಗೊ, ವಾಷಿಂಗ್ಟನ್ ನಗರಗಳಲ್ಲಿ ಹಸಿ ಸಿಂಪಿ ತಿಂದವರಿಗೆ ಟೈಫಾಯ್ಡ್ ಹಬ್ಬಿ ಸುಮಾರು 1,500 ಮಂದಿ ಕಾಯಿಲೆ ಬಿದ್ದರು, ಸುಮಾರು 150 ಮಂದಿ ಸತ್ತರು. ಮರುವರ್ಷವೇ ಅಲ್ಲಿನ ಸರಕಾರ, ರಾಜ್ಯಗಳು ಮತ್ತು ವ್ಯಾಪಾರಿಗಳು ಸೇರಿ ಕಟ್ಟಿಕೊಂಡ ಚಿಪ್ಪುಜೀವಿ ನೈರ್ಮಲ್ಯ ಕಾರ್ಯಕ್ರಮ ಇಂದಿಗೂ ನಡೆಯುತ್ತಿದೆ. ಅದರ ಜೀವಾಳ ಹೆಕ್ಕುವ ನೀರಿನ ಪರೀಕ್ಷೆ. ಒಪ್ಪಿಗೆ ಪಡೆದ ಜಾಗದಿಂದ ಮಾತ್ರ ಹೆಕ್ಕಬೇಕು. ಪ್ರತಿ ಚೀಲಕ್ಕೂ ಎಲ್ಲಿ, ಯಾವಾಗ, ಯಾರು ಹೆಕ್ಕಿದ್ದೆಂಬ ಚೀಟಿ ಕಟ್ಟಬೇಕು. ಹೋಟೆಲಿನವರು ಚೀಲ ಖಾಲಿಯಾದ ಮೇಲೂ ಆ ಚೀಟಿಯನ್ನು 90 ದಿನ ಇಟ್ಟುಕೊಂಡಿರಬೇಕು. ಯುರೋಪಿನ ಒಕ್ಕೂಟದಲ್ಲಿ ಹೆಕ್ಕುವ ಪ್ರದೇಶಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸುತ್ತಾರೆ. 100 ಗ್ರಾಂ ಮಾಂಸದಲ್ಲಿ ಇ-ಕೋಲಿ ಬ್ಯಾಕ್ಟೀರಿಯಾ 230ರ ಒಳಗಿರುವ ಪ್ರದೇಶದ ಮಾಲು ನೇರವಾಗಿ ಮಾರುಕಟ್ಟೆಗೆ ಹೋಗಬಹುದು; 4,600ರವರೆಗೆ ಇರುವ ಕಡೆಯ ಮಾಲನ್ನು ಶುದ್ಧ ನೀರಿನ ತೊಟ್ಟಿಯಲ್ಲಿಟ್ಟು ತೊಳೆಯಬೇಕು, ಇಲ್ಲವೆ ನಿಗದಿತ ರೀತಿಯಲ್ಲಿ ಬೇಯಿಸಬೇಕು; ಅದಕ್ಕೂ ಮೇಲೆ 46,000ದವರೆಗೆ ಇದ್ದರೆ ಬೇರೆ ಸ್ವಚ್ಛ ನೀರಿಗೆ ಸಾಗಿಸಿ ಬಹುಕಾಲ ಇಡಬೇಕು, ಅಥವಾ ಬೇಯಿಸಿಯೇ ಮಾರಬೇಕು. ಅದರ ಮೇಲಿನದನ್ನು ಮುಟ್ಟುವಂತಿಲ್ಲ.

ನಮ್ಮಲ್ಲಿಯೂ ಇಂಥದ್ದು ಇದೆ. ಆದರೆ ರಫ್ತಿನ ಮಾಲಿಗೆ. 1963ರ ರಫ್ತು ಕಾಯ್ದೆಯಡಿ ಹುಟ್ಟಿದ ರಫ್ತು ತಪಾಸಣಾ ಮಂಡಳಿ ಯುರೋಪಿಗೆ ಹೋಗುವ ಚಿಪ್ಪುಜೀವಿಗಳಿಗಾಗಿ ಹೆಕ್ಕುವ ನೀರನ್ನೇ ಪರೀಕ್ಷಿಸುವ ವ್ಯವಸ್ಥೆಯನ್ನು ಇಟ್ಟುಕೊಂಡಿದೆ. ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಹಿನ್ನೀರಿನ ಮರುವಾಯಿ ಈ ದಾರಿಯಲ್ಲಿ ಹೊರದೇಶಕ್ಕೆ ಹೋದದ್ದು. ಅಷ್ಟಮುಡಿಗೆ 2014ರಲ್ಲಿ ಮೆರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್ ಎಂಬ ಸಂಸ್ಥೆಯಿಂದ ಸಿಕ್ಕ ಎಂಎಸ್‌ಸಿ ಪ್ರಮಾಣಪತ್ರವನ್ನು ಕೆಲವರು ಶುಚಿತ್ವದ ಮುದ್ರೆ ಎಂದು ತಿಳಿದಿದ್ದಾರೆ. ಅದು ಸಂತತಿ ಬರಿದಾಗದಂತೆ ಹೆಕ್ಕುವುದಕ್ಕೆ ಕೊಟ್ಟದ್ದು, ತಿನ್ನುವವರ ಆರೋಗ್ಯಕ್ಕೆ ಸಂಬಂಧಿಸಿದ್ದಲ್ಲ. ಏನೇ ಇರಲಿ, ಬ್ರಸೆಲ್ಸಿನ ಊಟದ ಮೇಜಿಗೆ ಹೋಗುವ ಮರುವಾಯಿಯ ನೀರನ್ನು ಪರೀಕ್ಷಿಸುವ ದೇಶ ಬೆಂಗಳೂರಿನ ಅಡುಗೆಮನೆಗೆ ಬರುವ ಮರುವಾಯಿಯ ನೀರನ್ನು ಅದೇ ಶಿಸ್ತಿನಿಂದ ಪರೀಕ್ಷಿಸುತ್ತಿಲ್ಲ ಎಂಬುದು ಈ ಅಂಕಣಕಾರನಿಗೆ ನ್ಯಾಯವಾಗಿ ಕಾಣುವುದಿಲ್ಲ.

ನೀವು ತರುವುದನ್ನು ಬಿಡಬೇಕೆಂದು ನಾನು ಹೇಳಲಾರೆ. ಆದರೆ ಮೀನಿನವರನ್ನು ‘ತಾಜಾ ಇದೆಯಾ?’ ಎಂದು ಕೇಳುವುದರ ಜೊತೆಗೆ ‘ಯಾವ ಹೊಳೆಯದು, ಎಲ್ಲಿ ಹೆಕ್ಕಿದ್ದು?’ ಎಂದೂ ಕೇಳಿ. ಊರು ಬಲ್ಲ ನಿಮಗೆ ಉತ್ತರದ ಬೆಲೆ ಗೊತ್ತಾಗುತ್ತದೆ: ಪೇಟೆಯ ಚರಂಡಿ ಬಂದು ಬೀಳುವ ಜಾಗದ ಕೆಳಗಿನದೋ, ಅಳಿವೆ ಬಾಯಿಯ ಹತ್ತಿರ ಉಪ್ಪುನೀರು ದಿನಕ್ಕೆರಡು ಬಾರಿ ಬಂದು ಹೋಗುವ ಕಡೆಯದೋ ಎಂದು. ಜೋರು ಮಳೆ ಸುರಿದ ಬೆನ್ನಿಗೆ ಹೆಕ್ಕಿದ್ದನ್ನು ತರಿಸಬೇಡಿ. ಊರಿನ ಕೊಳೆಯೆಲ್ಲ ಕೊಚ್ಚಿ ಹೊಳೆಗೆ ಸೇರುವುದು ಆಗಲೇ.

ಪ್ರಶ್ನೆ: ಚೆನ್ನಾಗಿ ಬೇಯಿಸಿದರೆ ಎಲ್ಲ ರೋಗಾಣುವೂ ಸಾಯುತ್ತದಲ್ಲ? ನಾವು ಹಸಿಯಾಗಿ ತಿನ್ನುವವರಲ್ಲ, ಸುಕ್ಕ ಮಾಡುವವರು. ಹಾಗಿರುವಾಗ ಇಷ್ಟೆಲ್ಲ ಭಯ ಯಾಕೆ? (ಓದುಗರು, ರಾಜಾಜಿನಗರ)

ಉತ್ತರ: ಬೇಯಿಸುವುದು ಅರ್ಧಕ್ಕಿಂತ ಹೆಚ್ಚು ಅಪಾಯವನ್ನು ಕಳೆಯುತ್ತದೆ ಎಂಬುದನ್ನು ಒಪ್ಪೋಣ. ಬೆಚ್ಚಗಿನ ಉಪ್ಪುನೀರಿನಲ್ಲಿ ಸಹಜವಾಗಿಯೇ ಇರುವ ವಿಬ್ರಿಯೊ ಜಾತಿಯ ಬ್ಯಾಕ್ಟೀರಿಯಾ, ಕೊಳಚೆಯಿಂದ ಬರುವ ಟೈಫಾಯ್ಡಿನ ಬ್ಯಾಕ್ಟೀರಿಯಾ ಇವೆಲ್ಲ ಸರಿಯಾಗಿ ಕುದಿಸಿದರೆ ಉಳಿಯುವುದಿಲ್ಲ. ವೈರಸ್ಸುಗಳ ಮಾತು ಸ್ವಲ್ಪ ಬೇರೆ. ಕಾಮಾಲೆ ತರುವ ಹೆಪಟೈಟಿಸ್-ಎ ವೈರಸ್ಸನ್ನು ನಂಬಬಹುದಾದ ರೀತಿಯಲ್ಲಿ ನಾಶ ಮಾಡಲು ಮಾಂಸದ ಒಳಭಾಗವೇ 90 ಡಿಗ್ರಿ ಸೆಲ್ಸಿಯಸ್‌ಗೆ ಏರಿ ಒಂದೂವರೆ ನಿಮಿಷ ಅಲ್ಲೇ ನಿಲ್ಲಬೇಕೆಂಬ ಮಾನದಂಡವಿದೆ. ಚಿಪ್ಪುಗಳು ಅದಕ್ಕೆ ಬಹಳ ಮೊದಲೇ ಬಾಯಿ ಬಿಡುತ್ತವೆ. ‘ಬಾಯಿ ಬಿಟ್ಟಿತು, ಒಲೆ ಆರಿಸು’ ಎಂಬ ರೂಢಿಯನ್ನು ಅದಕ್ಕಾಗಿಯೇ ಬಿಡಬೇಕು. ಬಾಯಿ ಬಿಟ್ಟ ಮೇಲೂ ಮುಚ್ಚಳ ಹಾಕಿ ನಾಲ್ಕೈದು ನಿಮಿಷ ಕುದಿಯಲಿ. ಆಮೇಲೆ ಕಾಯಿತುರಿ, ಮಸಾಲೆ. 1988ರಲ್ಲಿ ಷಾಂಘೈ ನಗರದಲ್ಲಿ ಬಿಸಿನೀರಿನಲ್ಲಿ ಅದ್ದಿದ ಮಾತ್ರಕ್ಕೆ ಬೆಂದಿತೆಂದು ತಿಂದ ಚಿಪ್ಪುಜೀವಿಗಳಿಂದ ಸುಮಾರು ಮೂರು ಲಕ್ಷ ಮಂದಿಗೆ ಕಾಮಾಲೆ ಬಂದಿತ್ತು.

ಪಾಚಿಯ ವಿಷವನ್ನಂತೂ ಬೆಂಕಿ ಮುಟ್ಟುವುದಿಲ್ಲ. ಸ್ಯಾಕ್ಸಿಟಾಕ್ಸಿನ್ ಜೀವಾಣುವಲ್ಲ, ರಾಸಾಯನಿಕ; ಅಡುಗೆಮನೆಯ ಕುದಿತ, ಹುಳಿ, ಖಾರ, ಫ್ರಿಜ್ಜಿನ ತಂಪು ಯಾವುದರಿಂದಲೂ ಅದು ಹೋಗದು. ಇದು ಯಾವುದೋ ಚಳಿದೇಶದ ಕತೆಯೆಂದು ತಿಳಿಯಬಾರದು. 1981ರಲ್ಲಿ ತಮಿಳುನಾಡಿನಲ್ಲಿ ಮರುವಾಯಿ ತಿಂದು ಮೂವರು ಸತ್ತರು. 1983ರಲ್ಲಿ ನಮ್ಮ ಮಂಗಳೂರಿನ ಆಸುಪಾಸಿನಲ್ಲೇ ಅಂಥ ಪ್ರಕರಣ ನಡೆದು, ಅಲ್ಲಿನ ಮೀನುಗಾರಿಕಾ ಕಾಲೇಜಿನ ವಿಜ್ಞಾನಿಗಳು ಅದನ್ನು ಅಧ್ಯಯನ ಮಾಡಿ ಪ್ರಕಟಿಸಿದರು. 1997ರ ಸೆಪ್ಟೆಂಬರಿನಲ್ಲಿ ಕೇರಳದ ವಿಳಿಂಞಂನಲ್ಲಿ ಕಂದು ಪಚ್ಚಿಲೆ ತಿಂದವರಲ್ಲಿ ಏಳು ಮಂದಿ ಸತ್ತು, ಐನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಇವರೆಲ್ಲ ಬೇಯಿಸಿಯೇ ತಿನ್ನುವ ಊರುಗಳ ಜನ.

ಲಕ್ಷಣಗಳನ್ನು ತಿಳಿದಿರುವುದು ಒಳ್ಳೆಯದು. ತಿಂದ ಅರ್ಧ ಗಂಟೆಯಿಂದ ಕೆಲವು ಗಂಟೆಗಳೊಳಗೆ ತುಟಿ ಮತ್ತು ನಾಲಗೆಯಲ್ಲಿ ಜುಮುಜುಮು ಎನ್ನಿಸಿ, ಅದು ಮುಖಕ್ಕೂ ಬೆರಳುಗಳಿಗೂ ಹರಡುತ್ತದೆ. ಮಾತು ತೊದಲುತ್ತದೆ, ಕೈಕಾಲು ಸೋಲುತ್ತವೆ. ಹೆಚ್ಚಾದರೆ ಉಸಿರಾಟದ ಸ್ನಾಯುಗಳೇ ನಿಲ್ಲುತ್ತವೆ. ಇದಕ್ಕೆ ಪ್ರತಿವಿಷವಿಲ್ಲ. ಆದರೆ ವಿಷ ಮೈಯಿಂದ ಹೊರಹೋಗುವವರೆಗೆ ಕೃತಕ ಉಸಿರಾಟ ಕೊಟ್ಟು ಕಾಪಾಡಿದರೆ ರೋಗಿ ಉಳಿಯುತ್ತಾನೆ. ಆದ್ದರಿಂದ ವಾಂತಿ ಭೇದಿ ಇಲ್ಲದೆ ಬರೀ ತುಟಿ ಜುಮುಗುಟ್ಟಿದರೂ ‘ಗ್ಯಾಸು, ಬೆಳಿಗ್ಗೆ ನೋಡೋಣ’ ಎನ್ನದೆ, ವೆಂಟಿಲೇಟರ್ ಇರುವ ಆಸ್ಪತ್ರೆಗೇ ಹೋಗಿ, ಏನು ತಿಂದಿರೆಂಬುದನ್ನು ಮೊದಲು ಹೇಳಬೇಕು. ಬೆಂಗಳೂರಿನ ಎಳೆಯ ವೈದ್ಯರಲ್ಲಿ ಎಷ್ಟೋ ಮಂದಿ ಇಂಥ ರೋಗಿಯನ್ನು ಕಂಡಿರುವುದಿಲ್ಲ. ನೀವೇ ನೆನಪಿಸಿದರೆ ತಪ್ಪಾಗದು.

ನೀರು ಕೆಂಪಾಗಿದ್ದರೆ ಮಾತ್ರ ವಿಷ, ತಿಳಿಯಾಗಿದ್ದರೆ ಇಲ್ಲ ಎಂಬ ನಂಬಿಕೆಯೂ ಸರಿಯಲ್ಲ. ಬಣ್ಣ ಬದಲಾಗದಷ್ಟು ಕಡಿಮೆ ಪಾಚಿಯಿಂದಲೂ ಚಿಪ್ಪಿನ ಮಾಂಸದಲ್ಲಿ ಮಿತಿ ದಾಟುವಷ್ಟು ವಿಷ ಕೂಡಬಹುದು. ಕಣ್ಣಿಗೆ, ಮೂಗಿಗೆ, ನಾಲಗೆಗೆ ಸಿಗದ್ದನ್ನು ಹಿಡಿಯುವುದು ಪ್ರಯೋಗಾಲಯ ಒಂದೇ. ಯುರೋಪಿನಲ್ಲಿ ಹೆಕ್ಕುವ ಕಾಲದಲ್ಲಿ ಸಾಮಾನ್ಯವಾಗಿ ವಾರಕ್ಕೊಮ್ಮೆ ಈ ಪರೀಕ್ಷೆ ನಡೆಯುವುದೂ, ಮಿತಿ ಮೀರಿದ ಕೂಡಲೇ ಆ ಜಾಗವನ್ನು ಮುಚ್ಚುವುದೂ ಇದೇ ಕಾರಣಕ್ಕೆ.

ಪ್ರಶ್ನೆ: ಕಂಪನಿಯ ಔತಣವೊಂದಕ್ಕೆ ದೊಡ್ಡ ಹೋಟೆಲಿಗೆ ಹೋಗಿದ್ದೆ. ಐಸಿನ ಮೇಲೆ ನಿಂಬೆಹೋಳಿನ ಜೊತೆ ಹಸಿ ಸಿಂಪಿ ಇಟ್ಟಿದ್ದರು, ಹೊರದೇಶದ್ದೆಂದು ಹೇಳಿದರು. ಹೊರದೇಶದ್ದಾದರೆ ಭಯವಿಲ್ಲ ತಾನೆ? (ಓದುಗರು, ವೈಟ್‌ಫೀಲ್ಡ್)

ಉತ್ತರ: ಒಳ್ಳೆಯ ದರ್ಜೆಯ ನೀರಿನಿಂದ ಬಂದದ್ದಾದರೆ ಭಯ ಕಡಿಮೆ, ಇಲ್ಲವೆಂದಲ್ಲ. ಹೊರದೇಶದ ಆಹಾರ ನಮ್ಮ ಬಂದರು, ವಿಮಾನ ನಿಲ್ದಾಣಗಳಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ಆಮದು ನಿಯಮಾವಳಿಯಂತೆ ತಪಾಸಣೆ ದಾಟಿಯೇ ಬರಬೇಕು. ಮೂಲ ದೇಶದ ಚೀಟಿ ಅದರ ಪೆಟ್ಟಿಗೆಯ ಮೇಲೆ ಇದ್ದೇ ಇರುತ್ತದೆ. ಹೋಟೆಲಿನವರು ಅದನ್ನು ತೋರಿಸಲು ಹಿಂದೆಮುಂದೆ ನೋಡಿದರೆ ತಟ್ಟೆಯನ್ನು ಹಿಂದಕ್ಕೆ ಕಳಿಸಿ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಹಸಿ ಸಿಂಪಿಯನ್ನು ಎಷ್ಟೇ ದುಬಾರಿಯಾದರೂ ಮುಟ್ಟಬಾರದವರು ಕೆಲವರಿದ್ದಾರೆ: ಯಕೃತ್ತಿನ ಕಾಯಿಲೆ ಇರುವವರು, ಮಧುಮೇಹಿಗಳು, ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರು, ಗರ್ಭಿಣಿಯರು, ಎಳೆಯ ಮಕ್ಕಳು, ವಯಸ್ಸಾದವರು. ವಿಬ್ರಿಯೊ ವಲ್ನಿಫಿಕಸ್ ಎಂಬ ಬ್ಯಾಕ್ಟೀರಿಯಾ ಆರೋಗ್ಯವಂತರಲ್ಲಿ ಹೆಚ್ಚೆಂದರೆ ಹೊಟ್ಟೆ ಕೆಡಿಸಿ ಹೋಗಬಹುದು. ಯಕೃತ್ತು ಕೆಟ್ಟವರಲ್ಲಿ ರಕ್ತಕ್ಕೆ ನುಗ್ಗಿ ಒಂದೆರಡು ದಿನಗಳಲ್ಲಿ ಪ್ರಾಣ ತೆಗೆಯಬಲ್ಲದು. ಇದು ಕೊಳಚೆಯ ಜೀವಿಯಲ್ಲ, ಸ್ವಚ್ಛ ಕಡಲಿನಲ್ಲಿಯೂ ಬೆಚ್ಚಗಿನ ದಿನಗಳಲ್ಲಿ ಇರುತ್ತದೆ. ನಿಂಬೆರಸವಾಗಲಿ, ಜೊತೆಗೆ ಕೊಡುವ ಖಾರದ ಸಾಸಾಗಲಿ, ಕುಡಿಯುವ ಮದ್ಯವಾಗಲಿ ಅದನ್ನು ಕೊಲ್ಲುವುದಿಲ್ಲ. ‘ಶುದ್ಧೀಕರಿಸಿದ್ದು’ ಎಂದು ಬರೆದಿದ್ದರೆ ಅದರ ಅರ್ಥವನ್ನೂ ಮಿತಿಯಲ್ಲೇ ತಿಳಿಯಬೇಕು. ನೇರಳಾತೀತ ಬೆಳಕಿನಿಂದ ಶುಚಿಗೊಳಿಸಿದ ಕಡಲನೀರಿನ ತೊಟ್ಟಿಯಲ್ಲಿ ಇಟ್ಟು ತೆಗೆಯುವ ಈ ಕ್ರಮಕ್ಕೆ ಬ್ರಿಟನ್ನಿನಲ್ಲಿ 42 ಗಂಟೆಗಳ ಅವಧಿ ರೂಢಿಯಲ್ಲಿದೆ. ಅದು ಕೊಳಚೆಯ ಬ್ಯಾಕ್ಟೀರಿಯಾಗಳನ್ನು ಚೆನ್ನಾಗಿ ತೆಗೆಯುತ್ತದೆ, ವೈರಸ್ಸುಗಳನ್ನು ಅರೆಬರೆಯಾಗಿ ತೆಗೆಯುತ್ತದೆ, ಪಾಚಿಯ ವಿಷದ ಮಟ್ಟಿಗೆ ಅದನ್ನು ನೆಚ್ಚುವಂತಿಲ್ಲ.

ಪ್ರಶ್ನೆ: ರಸೆಲ್ ಮಾರುಕಟ್ಟೆಯಲ್ಲಿ ತಂದ ಸೀಗಡಿಯ ತಲೆ ಕಪ್ಪಾಗಿತ್ತು. ಕೊಳೆತಿದೆಯೆ? (ಓದುಗಿ, ಫ್ರೇಜರ್ ಟೌನ್)

ಉತ್ತರ: ತಲೆ ಕಪ್ಪಾದ ಮಾತ್ರಕ್ಕೆ ಕೊಳೆತಂತಲ್ಲ. ಸೀಗಡಿಯ ಮೈಯಲ್ಲೇ ಇರುವ ಕಿಣ್ವ ಗಾಳಿ ತಗುಲಿದಾಗ ಕಪ್ಪು ಬಣ್ಣ ಹುಟ್ಟಿಸುತ್ತದೆ. ಐಸು ತಡವಾಗಿ ಬಿದ್ದಿತೆಂಬುದಕ್ಕೆ ಅದು ಗುರುತು. ಮೂಸಿ ನೋಡಿ: ಅಮೋನಿಯದ ಘಾಟು ಬಂದರೆ, ತಲೆ ಮುಟ್ಟಿದೊಡನೆ ಕಳಚಿದರೆ ಬಿಸಾಡಿ. ಕಪ್ಪಾಗದಿರಲೆಂದು ಸಲ್ಫೈಟ್ ಪುಡಿ ಹಾಕುವುದುಂಟು. ಹಸಿ ಸೀಗಡಿಯಲ್ಲಿ ಅದು ಕಿಲೋಗೆ 100 ಮಿಲಿಗ್ರಾಂ ಮೀರಬಾರದೆಂದು ಕೋಡೆಕ್ಸ್ ಹೇಳುತ್ತದೆ. ಉಬ್ಬಸ ಇರುವವರಿಗೆ ಸಲ್ಫೈಟ್ ಆಗಿಬರುವುದಿಲ್ಲ. ಹೀಗಾಗಿ ಎರಡು ದಿನದ ಹಾದಿ ಬಂದೂ ಬೆಳ್ಳಗೆ ಹೊಳೆಯುವ ಸೀಗಡಿಯನ್ನು ನಾನಂತೂ ಕಪ್ಪುತಲೆಯದಕ್ಕಿಂತ ಹೆಚ್ಚು ಅನುಮಾನದಿಂದ ನೋಡುತ್ತೇನೆ. ಫಾರ್ಮಲಿನ್ ಮಾತು ಬೇರೆ, ಅದಕ್ಕೆ ಯಾವ ಮಿತಿಯ ವಿನಾಯಿತಿಯೂ ಇಲ್ಲ. ಮೀನಿಗೆ ಹಾಕುವುದೇ ಅಪರಾಧ. ಕೇರಳದಲ್ಲಿ 2018ರಲ್ಲಿ ಗಡಿಯ ತಪಾಸಣೆಯಲ್ಲಿ ಸಿಕ್ಕಿದ್ದು ಅದೇ.

ಪ್ರಶ್ನೆ: ಹೋಟೆಲೊಂದಕ್ಕೆ ಹೋದ ನಮ್ಮ ಮನೆಯ ಐವರಲ್ಲಿ ಚಿಪ್ಪಿನ ಖಾದ್ಯ ತಿಂದ ನಾಲ್ವರಿಗೂ ರಾತ್ರಿಯೆಲ್ಲ ವಾಂತಿ ಭೇದಿ. ತಿನ್ನದ ಅತ್ತೆಯವರಿಗೆ ಏನೂ ಆಗಲಿಲ್ಲ. ಮಾಲೀಕರು ‘ಬೇರೆಯವರಿಗೆ ಯಾರಿಗೂ ಆಗಿಲ್ಲ, ನಿಮ್ಮ ಹೊಟ್ಟೆಯೇ ಸರಿಯಿಲ್ಲ’ ಎಂದುಬಿಟ್ಟರು. ಯಾರಿಗೆ ಹೇಳುವುದು? (ಓದುಗರು, ಬನಶಂಕರಿ)

ಉತ್ತರ: ಹೇಳಬೇಕಾದವರು ನಿಮ್ಮ ಪ್ರದೇಶದ ಆಹಾರ ಸುರಕ್ಷತಾಧಿಕಾರಿ ಮತ್ತು ಅವರ ಮೇಲಿನ ಅಂಕಿತಾಧಿಕಾರಿ. ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ತೂಗುಹಾಕಿರುವ ಪರವಾನಗಿಯಲ್ಲಿ 14 ಅಂಕಿಗಳ ಸಂಖ್ಯೆ ಇರುತ್ತದೆ; ಬಿಲ್ಲಿನ ಮೇಲೂ ಅದು ಇರಬೇಕು. ಆ ಸಂಖ್ಯೆಯೊಂದಿಗೆ ಪ್ರಾಧಿಕಾರದ ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪಿನಲ್ಲಿ ಅಥವಾ 1800 112 100 ಎಂಬ ಉಚಿತ ದೂರವಾಣಿಯಲ್ಲಿ ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ಇಟ್ಟುಕೊಳ್ಳಿ.

ದೂರಿಗಿಂತ ಮೊದಲು ವೈದ್ಯರು. ಭೇದಿ ನಿಲ್ಲುವ ಮಾತ್ರೆ ಕೊಟ್ಟು ಕಳಿಸುವುದರ ಬದಲು ಮಲದ ಮಾದರಿಯನ್ನು ಪರೀಕ್ಷೆಗೆ ಕಳಿಸಿ ಎಂದು ನೀವೇ ಕೇಳಬೇಕು. ನಾಲ್ವರು ತಿಂದು ನಾಲ್ವರೂ ಮಲಗಿದ್ದು, ತಿನ್ನದವರು ಎದ್ದು ಓಡಾಡಿದ್ದು ಬಲವಾದ ಸುಳಿವೇ. ಆದರೂ ಪ್ರಯೋಗಾಲಯದ ಕಾಗದ ಇಲ್ಲದೆ ಅದು ಮಾತಾಗಿಯೇ ಉಳಿಯುತ್ತದೆ. ಒಂದೇ ಕಡೆ ಉಂಡ ಹಲವರಿಗೆ ಕಾಯಿಲೆಯಾದರೆ ಅದು ರೋಗ ಕಣ್ಗಾವಲು ಘಟಕಕ್ಕೆ ತಿಳಿಯಬೇಕಾದ ವಿಷಯವೂ ಹೌದು. ಕಟ್ಟಿಸಿಕೊಂಡು ತಂದ ಪೊಟ್ಟಣದಲ್ಲಿ ಏನಾದರೂ ಉಳಿದಿದ್ದರೆ ಎಸೆಯದೆ, ಮುಚ್ಚಿ, ದಿನಾಂಕ ಬರೆದು ಫ್ರಿಜ್ಜಿನಲ್ಲಿಡಿ. ಬಿಲ್ಲನ್ನು ಇಟ್ಟುಕೊಳ್ಳಿ.

ಕಾಯ್ದೆಯ 40ನೆಯ ಸೆಕ್ಷನ್ ಪ್ರಕಾರ ಗ್ರಾಹಕರೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ವಿಶ್ಲೇಷಕರ ವರದಿಗೆ ಕಾಯ್ದೆ 14 ದಿನಗಳ ಗಡುವು ಇಟ್ಟಿದೆ, ದೋಷ ಕಂಡುಬಂದರೆ ಶುಲ್ಕ ವಾಪಸು ಸಿಗುತ್ತದೆ. ಆದರೆ ಪರೀಕ್ಷೆಗೆ ಕೊಡುವ ಉದ್ದೇಶವನ್ನು ಕೊಳ್ಳುವಾಗಲೇ ಮಾರುವವರಿಗೆ ತಿಳಿಸಿರಬೇಕು ಎಂಬ ಷರತ್ತು ಅದಕ್ಕಿದೆ. ಊಟ ಮಾಡಿ ಮಲಗಿದವರಿಗೆ ಈ ದಾರಿ ಉಪಯೋಗಕ್ಕೆ ಬಾರದು. ಅಡುಗೆಮನೆಯಲ್ಲಿ ಉಳಿದ ಮಾಲಿನ ಮಾದರಿಯನ್ನು ಅಧಿಕಾರಿಯೇ ತೆಗೆಯಬೇಕು. ಹೀಗಾಗಿ ದೂರು ಕೊಡುವುದರಲ್ಲಿ ಗಂಟೆಗಳ ಲೆಕ್ಕವಿದೆ. ಮೂರು ದಿನ ಬಿಟ್ಟು ಬಂದ ದೂರಿಗೆ ಅಧಿಕಾರಿ ಹೋಗಿ ನೋಡುವಷ್ಟರಲ್ಲಿ ಆ ಚೀಲದ ಚಿಪ್ಪು ಕಸದ ಲಾರಿ ಸೇರಿರುತ್ತದೆ. ಮಾಲನ್ನು ಪರವಾನಗಿ ಅಥವಾ ನೋಂದಣಿ ಇರುವವರಿಂದಲೇ ಕೊಂಡು ಲೆಕ್ಕ ಇಡಬೇಕೆಂಬುದು ಪರವಾನಗಿಯ ಷರತ್ತು. ಆ ಲೆಕ್ಕದ ಪುಸ್ತಕವನ್ನು ತೆಗೆಸಿ ನೋಡಿ ಎಂದು ದೂರಿನಲ್ಲೇ ಬರೆಯಿರಿ. ತಟ್ಟೆಯಿಂದ ಅಳಿವೆಯವರೆಗೆ ಹಿಂದಕ್ಕೆ ನಡೆಯಲು ಇರುವ ದಾರಿ ಅದೊಂದೇ.

ಪರಿಹಾರದ ಬಗ್ಗೆ ಕೇಳಿಲ್ಲವಾದರೂ ಹೇಳಿಬಿಡುತ್ತೇನೆ. ಅಸುರಕ್ಷಿತ ಆಹಾರದಿಂದ ಸಾವಾದರೆ ಕನಿಷ್ಠ ಐದು ಲಕ್ಷ, ತೀವ್ರ ಹಾನಿಯಾದರೆ ಮೂರು ಲಕ್ಷದವರೆಗೆ, ಉಳಿದ ತೊಂದರೆಗಳಿಗೆ ಒಂದು ಲಕ್ಷದವರೆಗೆ ಪರಿಹಾರವನ್ನು 65ನೆಯ ಸೆಕ್ಷನ್ ಹೇಳುತ್ತದೆ. ಒಂದು ರಾತ್ರಿಯ ವಾಂತಿಗೆ ಬಹುಪಾಲು ಜನ ಅಷ್ಟು ದೂರ ಹೋಗುವುದಿಲ್ಲ. ದೂರನ್ನಾದರೂ ಕೊಡಿ. ‘ಬೇರೆಯವರಿಗೆ ಯಾರಿಗೂ ಆಗಿಲ್ಲ’ ಎಂಬ ಮಾಲೀಕರ ಮಾತಿನ ಅರ್ಥ ಎಷ್ಟೋ ಸಲ ಬೇರೆ ಯಾರೂ ಹೇಳಿಲ್ಲ ಎಂದಷ್ಟೇ ಇರುತ್ತದೆ.

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿ. ಇಷ್ಟು ಅಪಾಯವಿದ್ದರೆ ನಗರದಲ್ಲಿ ಚಿಪ್ಪುಜೀವಿಗಳ ಮಾರಾಟವನ್ನೇ ಸರಕಾರ ಯಾಕೆ ನಿಷೇಧಿಸಬಾರದು? ಗೋಬಿ ಮಂಚೂರಿಯ ಬಣ್ಣವನ್ನು ನಿಷೇಧಿಸಲಿಲ್ಲವೆ? (ಓದುಗರು, ಜ್ಞಾನಭಾರತಿ)

ಉತ್ತರ: 2024ರಲ್ಲಿ ರಾಜ್ಯ ಸರಕಾರ ಮೊದಲು ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯ ವಿಷಯದಲ್ಲಿ, ಆಮೇಲೆ ಕಬಾಬಿನ ವಿಷಯದಲ್ಲಿ ಕೃತಕ ಬಣ್ಣದ ಮೇಲೆ ಕ್ರಮ ಕೈಗೊಂಡದ್ದು ಸರಿಯೇ. ಬಣ್ಣ ಹಾಕುವವನು ತಾನೇ ಕೈಯಾರೆ ಹಾಕುತ್ತಾನೆ. ಹಾಕಬೇಡ ಎಂದರೆ ಮುಗಿಯಿತು. ಮರುವಾಯಿಗೆ ಕೊಳೆ ಹಾಕಿದವರು ಅದನ್ನು ಹೆಕ್ಕಿದವರೂ ಅಲ್ಲ, ಮಾರಿದವರೂ ಅಲ್ಲ. ಮೇಲಿನ ಊರಿನವರ ಒಳಚರಂಡಿ ಶುದ್ಧವಾಗದೆ ಹೊಳೆಗೆ ಬಂದು, ಅದರ ದಂಡವನ್ನು ಹೆಕ್ಕುವ ಹೆಂಗಸು ತೆರಬೇಕೆ? ನಿಷೇಧ ಮಾಡುವುದು ಹಾಗೆಯೇ ಆಗುತ್ತದೆ. ಕುಮಟಾದ ಅಘನಾಶಿನಿ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕಿ ಬದುಕುವ ಕುಟುಂಬಗಳು ಎಷ್ಟೋ ಇವೆ. 2024ರಲ್ಲಿ ಆ ಅಳಿವೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು.

ಆಗಬೇಕಾದದ್ದು ಬೇರೆ. ನೇತ್ರಾವತಿ, ಶಾಂಭವಿ, ಸೀತಾ–ಸ್ವರ್ಣಾ, ಪಂಚಗಂಗಾವಳಿ, ಶರಾವತಿ, ಅಘನಾಶಿನಿ, ಕಾಳಿ ಇವುಗಳ ಅಳಿವೆಗಳನ್ನು ಹೆಕ್ಕುವ ಪ್ರದೇಶಗಳಾಗಿ ಗುರುತಿಸಿ, ನೀರನ್ನೂ ಮಾಂಸವನ್ನೂ ನಿಗದಿಯಾಗಿ ಪರೀಕ್ಷಿಸಿ, ದರ್ಜೆಯನ್ನು ಕನ್ನಡದಲ್ಲಿ ಪ್ರಕಟಿಸಬೇಕು. ರಫ್ತಿಗೆ ಇದನ್ನು ಮಾಡಿ ಅಭ್ಯಾಸವಿರುವ ಸಂಸ್ಥೆ ದೇಶದಲ್ಲಿದೆ, ವಿಷವನ್ನು ಅಳೆಯಬಲ್ಲ ವಿಜ್ಞಾನಿಗಳು ಮಂಗಳೂರಿನಲ್ಲಿ ಹಿಂದಿನಿಂದಲೂ ಇದ್ದಾರೆ. ಇಲ್ಲದ್ದು ಹೊಣೆಯ ಗಂಟು. ಹೊಳೆಯ ನೀರು ಮಾಲಿನ್ಯ ನಿಯಂತ್ರಣ ಮಂಡಳಿಯದು, ಹೆಕ್ಕುವವರು ಮೀನುಗಾರಿಕೆ ಇಲಾಖೆಯವರು, ಮಾರುವವರು ಆಹಾರ ಸುರಕ್ಷತೆಯವರು, ಕಾಯಿಲೆ ಬಿದ್ದವರು ಆರೋಗ್ಯ ಇಲಾಖೆಯವರು; ನಾಲ್ವರ ಕಡತಗಳೂ ಒಂದೇ ಮೇಜಿನ ಮೇಲೆ ಸೇರಬೇಕಾದ ಪ್ರಸಂಗ ಬರುವುದೇ ಇಲ್ಲ. ಮೀನುಗಾರರಿಗೆ ಕಾಯ್ದೆಯ ವಿನಾಯಿತಿ ಹಾಗೆಯೇ ಇರಲಿ. ಮೊದಲು ಕೊಳ್ಳುವ ಸಗಟು ವ್ಯಾಪಾರಿಗೆ ಹೊಳೆಯ ಹೆಸರು ಮತ್ತು ದಿನಾಂಕದ ಚೀಟಿ ಕಡ್ಡಾಯ ಮಾಡಿದರೆ ಸಾಕು. ಅದಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ, ನಿಯಮಾವಳಿಗೆ ತಿದ್ದುಪಡಿ ಬೇಕು. ನಿಮಗೆ ಪ್ರಬಂಧಕ್ಕೆ ವಿಷಯ ಬೇಕಿದ್ದರೆ ಇದನ್ನೇ ಎತ್ತಿಕೊಳ್ಳಿ.

ಪ್ರಶ್ನೆ: ಸೀಗಡಿ ತಿಂದರೆ ಮೈಯೆಲ್ಲ ದದ್ದು ಏಳುವ ನನ್ನ ಮಗಳು ಮರುವಾಯಿ ತಿನ್ನಬಹುದೆ? (ಓದುಗಿ, ಹೆಬ್ಬಾಳ)

ಉತ್ತರ: ಅಲರ್ಜಿ ತಜ್ಞರನ್ನು ಕಾಣದೆ ಬೇಡ. ಸೀಗಡಿ, ಏಡಿಗಳಲ್ಲಿ ಅಲರ್ಜಿ ತರುವ ಟ್ರೋಪೋಮಯೋಸಿನ್ ಎಂಬ ಪ್ರೋಟೀನಿನ ಹತ್ತಿರದ ರೂಪಗಳು ಚಿಪ್ಪುಜೀವಿಗಳಲ್ಲೂ ಇವೆ. ಕೆಲವರಿಗೆ ಎರಡೂ ಆಗುವುದಿಲ್ಲ. ಪೊಟ್ಟಣದ ಆಹಾರ ಕೊಳ್ಳುವಾಗ ಇನ್ನೊಂದು ಎಚ್ಚರ ಬೇಕು: ನಮ್ಮ 2020ರ ಲೇಬಲ್ ನಿಯಮಾವಳಿಯ ಅಲರ್ಜಿ ಪಟ್ಟಿಯಲ್ಲಿ ಮೀನು ಮತ್ತು ಸೀಗಡಿ–ಏಡಿಗಳ ಗುಂಪು ಇವೆ, ಎರಡು ಚಿಪ್ಪಿನವು ಪ್ರತ್ಯೇಕವಾಗಿ ಇಲ್ಲ. ಅಲರ್ಜಿಯ ಸಾಲನ್ನಷ್ಟೇ ಓದಿ ನಿಲ್ಲಿಸದೆ ಪದಾರ್ಥಗಳ ಪಟ್ಟಿಯನ್ನೂ ಪೂರ್ತಿ ಓದಿ.

ಪ್ರಶ್ನೆ: ಬೆಂಗಳೂರಿಗೆ ಬರುವಷ್ಟರಲ್ಲಿ ಮರುವಾಯಿ ಬದುಕಿದೆಯೋ ಸತ್ತಿದೆಯೋ ತಿಳಿಯುವುದು ಹೇಗೆ? (ಓದುಗರು, ವಿಜಯನಗರ)

ಉತ್ತರ: ಅಗಲ ತಟ್ಟೆಯಲ್ಲಿ ಹರಡಿ. ಬಿಗಿಯಾಗಿ ಮುಚ್ಚಿದ್ದು ಬದುಕಿದೆ. ಅರೆಬಾಯಿ ತೆರೆದಿದ್ದರೆ ಚಿಪ್ಪನ್ನು ಇನ್ನೊಂದು ಚಿಪ್ಪಿನಿಂದ ಮೆಲ್ಲಗೆ ಕುಟ್ಟಿ. ಬದುಕಿದ್ದರೆ ಸ್ವಲ್ಪ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತದೆ, ಮುಚ್ಚದ್ದನ್ನು ಎಸೆಯಿರಿ. ಒಡೆದದ್ದನ್ನೂ, ಕೈಗೆ ತೀರ ಭಾರವಾಗಿ ಹತ್ತುವುದನ್ನೂ ತೆಗೆಯಿರಿ. ಭಾರದ್ದರಲ್ಲಿ ಸಾಮಾನ್ಯವಾಗಿ ಬರೀ ಕೆಸರಿರುತ್ತದೆ. ಥರ್ಮೋಕೋಲ್ ಪೆಟ್ಟಿಗೆಯ ಅಡಿಯಲ್ಲಿ ಕರಗಿದ ಐಸಿನ ನೀರಿನಲ್ಲೇ ಮುಳುಗಿ ಬಂದದ್ದನ್ನು ಕೊಳ್ಳಬೇಡಿ, ಸಿಹಿನೀರಿನಲ್ಲಿ ಅವು ಸಾಯುತ್ತವೆ. ಮನೆಗೆ ತಂದ ಮೇಲೆ ಒದ್ದೆ ಬಟ್ಟೆ ಮುಚ್ಚಿ ಫ್ರಿಜ್ಜಿನ ಕೆಳತಟ್ಟಿನಲ್ಲಿಟ್ಟು ಅದೇ ದಿನ ಬೇಯಿಸಿ. ಉಪ್ಪುನೀರಿನಲ್ಲಿ ಒಂದೆರಡು ಗಂಟೆ ನೆನೆಸಿದರೆ ಮರಳು ಹೋಗುತ್ತದೆ. ಮೇಲೆ ಹೇಳಿದ ಬೇರೆ ಯಾವುದೂ ಹೋಗುವುದಿಲ್ಲ. ಕುದಿಸಿದ ಮೇಲೂ ಬಾಯಿ ಬಿಡದೆ ಉಳಿದದ್ದನ್ನು ಚಾಕು ಹಾಕಿ ಬಿಡಿಸಲು ಹೋಗಬೇಡಿ.